ಒಂದೇ ಜೀನ್ ಹಿಡಿದು ಒಂದು ಸೆಮಿಸ್ಟರ್

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಪಾಠ ಮಾಡುತ್ತೇನೆ. ಮಾಲಿಕ್ಯುಲರ್ ಎವಲ್ಯೂಷನ್, ಅಂದರೆ ಜೀನಿನ ಅಕ್ಷರಗಳು ತಲೆಮಾರುಗಳಲ್ಲಿ ಬದಲಾಗುತ್ತಾ ಹೋಗುವ ವಿಷಯ, ಪಠ್ಯದಲ್ಲಿದೆ. ಮಕ್ಕಳು ಬಾಯಿಪಾಠ ಮಾಡಿ ಬರೆದು ಪಾಸಾಗುತ್ತಾರೆ. ಪ್ರಾಕ್ಟಿಕಲ್ ಎಂದರೆ ಚಾರ್ಟ್ ನೋಡಿ ರೆಕಾರ್ಡ್‌ನಲ್ಲಿ ಚಿತ್ರ ಬರೆಯುವುದು, ಅಷ್ಟೇ. ನಮ್ಮಲ್ಲಿ ಒಂದು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಪಾತ್ರೆ), ಒಂದು ಇನ್‌ಕ್ಯುಬೇಟರ್, ಎರಡು ಮೈಕ್ರೋಪಿಪೆಟ್ ಇವೆ. ಡಿಎನ್‌ಎ ತುಂಡಿನ ನಕಲು ಹೆಚ್ಚಿಸುವ ಪಿಸಿಆರ್ ಯಂತ್ರ ಇಲ್ಲ. ಇಷ್ಟರಲ್ಲಿ ಮಕ್ಕಳ ಕೈಯಿಂದ ಏನಾದರೂ ಮಾಡಿಸಬಹುದೇ?

ಉತ್ತರ: ಖಂಡಿತ ಮಾಡಿಸಬಹುದು ಮೇಡಂ. ನಿಮ್ಮ ಹತ್ತಿರ ಇರುವ ಸಾಮಾನು ಮುಕ್ಕಾಲು ಪಾಲು ಕೆಲಸಕ್ಕೆ ಸಾಕು. ಉಳಿದ ಕಾಲು ಪಾಲಿಗೆ ಒಂದು ದಿನ ಹತ್ತಿರದ ವಿಶ್ವವಿದ್ಯಾಲಯದ ಲ್ಯಾಬ್‌ಗೆ ಹೋಗಿ ಬಂದರೆ ಆಯಿತು.

ಮೊದಲು ಒಂದು ಮಾತು. ಈ ಪಾಠವನ್ನು ಹೆಚ್ಚಿನವರು ಕಂಪ್ಯೂಟರ್‌ನಿಂದ ಶುರು ಮಾಡುತ್ತಾರೆ. ಸೀಕ್ವೆನ್ಸ್ (ಜೀನಿನ ಅಕ್ಷರಗಳ ಸಾಲು) ಇಳಿಸಿಕೋ, ಸಾಫ್ಟ್‌ವೇರ್‌ಗೆ ಹಾಕು, ಬಟನ್ ಒತ್ತು, ವಂಶವೃಕ್ಷ ಬಂತು, ಪ್ರಿಂಟ್ ತೆಗೆದು ಅಂಟಿಸು. ಆ ಗೆರೆಗಳು ಎಲ್ಲಿಂದ ಬಂದವು ಎಂದು ಕೇಳಿ ನೋಡಿ, ಯಾರೂ ಬಾಯಿ ಬಿಡುವುದಿಲ್ಲ. ಅಕ್ಷರ ಬದಲಾಗುವುದನ್ನು ಅವರು ಕಣ್ಣಾರೆ ಕಂಡೇ ಇಲ್ಲ, ಅಲ್ವಾ? ಅದಕ್ಕೇ ನಾನು ಹೇಳುವುದು ಇಷ್ಟು: ಹತ್ತು ವಿಷಯ ತೋರಿಸಲು ಹೋಗಬೇಡಿ. ಒಂದು ಬ್ಯಾಕ್ಟೀರಿಯ, ಒಂದು ಔಷಧಿ, ಒಂದು ಜೀನ್ ಹಿಡಿಯಿರಿ. ಅಗಾರ್ ತಟ್ಟೆಯ ಮೇಲೆ ಕಾಲೊನಿ (ಒಂದು ಕೋಶದಿಂದ ಬೆಳೆದ ಚುಕ್ಕೆ) ಎಣಿಸುವುದರಿಂದ ಹಿಡಿದು ವಂಶವೃಕ್ಷ ಕಟ್ಟುವ ತನಕ ಅದೇ ಜೀನ್ ಜೊತೆಗಿರಲಿ.

ಬ್ಯಾಕ್ಟೀರಿಯ ಇ. ಕೋಲಿ, ಅದರಲ್ಲೂ ಕೆ-12 ಎಂಬ ಲ್ಯಾಬ್ ತಳಿ. ಔಷಧಿ ರಿಫಾಂಪಿಸಿನ್. ಜೀನ್ ಆರ್‌ಪಿಒಬಿ (rpoB). ಡಿಎನ್‌ಎ ಓದಿ ಆರ್‌ಎನ್‌ಎ ಮಾಡುವ ಪಾಲಿಮರೇಸ್ ಎಂಬ ಕಿಣ್ವದ ಒಂದು ಭಾಗವನ್ನು ಈ ಜೀನ್ ಕಟ್ಟುತ್ತದೆ. ರಿಫಾಂಪಿಸಿನ್ ಹೋಗಿ ಅದೇ ಭಾಗಕ್ಕೆ ಅಂಟಿಕೊಳ್ಳುತ್ತದೆ. ಆರ್‌ಎನ್‌ಎ ಎಳೆ ಎರಡು ಮೂರು ಅಕ್ಷರ ಬೆಳೆಯುವಷ್ಟರಲ್ಲಿ ದಾರಿ ಕಟ್ಟಿ ಹೋಗುತ್ತದೆ, ಬ್ಯಾಕ್ಟೀರಿಯ ಸಾಯುತ್ತದೆ. ಆದರೆ ಅಂಟುವ ಜಾಗದಲ್ಲಿ ಒಂದೇ ಒಂದು ಅಮಿನೋ ಆಮ್ಲ ಬದಲಾದರೆ ಔಷಧಿಗೆ ಹಿಡಿತ ಸಿಗುವುದಿಲ್ಲ. ಮಕ್ಕಳಿಗೆ ಈ ಔಷಧಿ ಹೊಸದಲ್ಲ. ಕ್ಷಯಕ್ಕೆ ಕೊಡುವ ಮಾತ್ರೆ ಇದೇ, ಮೂತ್ರ ಕೆಂಪಗಾಗುವುದು ಇದರಿಂದಲೇ. ಮನೆಯಲ್ಲೋ ಓಣಿಯಲ್ಲೋ ಒಬ್ಬರಾದರೂ ತಿಂದಿರುತ್ತಾರೆ.

ತರಗತಿಯಲ್ಲಿ ಮೊದಲು ಒಂದು ಪ್ರಶ್ನೆ ಕೇಳಿ: ಔಷಧಿಗೆ ಬಗ್ಗದ ಬ್ಯಾಕ್ಟೀರಿಯ ಹೇಗೆ ಹುಟ್ಟುತ್ತದೆ? ಹೆಚ್ಚುಕಮ್ಮಿ ಎಲ್ಲರದೂ ಒಂದೇ ಉತ್ತರ. "ಔಷಧಿ ಹಾಕಿದ್ವಲ್ಲ ಸರ್, ಅದಕ್ಕೆ ಅದು ತನ್ನನ್ನ ಬದಲಾಯಿಸ್ಕೊಳ್ತು." ಪರೀಕ್ಷೆಯಲ್ಲಿ ಡಾರ್ವಿನ್ ಬಗ್ಗೆ ಚೆನ್ನಾಗಿ ಬರೆದವರ ಬಾಯಲ್ಲೂ ಇದೇ ಬರುತ್ತದೆ. ತಪ್ಪು ಎಂದು ಹೇಳಬೇಡಿ. ಆ ಉತ್ತರವನ್ನು ಬೋರ್ಡ್ ಮೇಲೆ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಬರೆಯಿರಿ: "ಔಷಧಿ ಬರುವ ಮೊದಲೇ ಕೆಲವು ಬದಲಾಗಿದ್ದವು, ಔಷಧಿ ಉಳಿದವನ್ನು ಕೊಂದಿತು." ಇವೆರಡರಲ್ಲಿ ಯಾವುದು ಸರಿ ಎಂದು ತಟ್ಟೆಯೇ ಹೇಳಲಿ.

1943ರಲ್ಲಿ ಸಾಲ್ವಡೊರ್ ಲೂರಿಯ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಕೇಳಿದ್ದು ಇದೇ ಪ್ರಶ್ನೆಯನ್ನು. ಅವರು ಔಷಧಿಯ ಬದಲು ಬ್ಯಾಕ್ಟೀರಿಯವನ್ನು ಕೊಲ್ಲುವ ವೈರಸ್ ಬಳಸಿದ್ದರು. ಉಪಾಯ ಮಾತ್ರ ಅದೇ. ನಿಮ್ಮ ಲ್ಯಾಬ್‌ನಲ್ಲಿ ಹೀಗೆ ಮಾಡಿ.

ರಾತ್ರಿಯಿಡೀ ಬೆಳೆದ ಬ್ಯಾಕ್ಟೀರಿಯದ ಕಲ್ಚರನ್ನು ಹೊಸ ಬ್ರಾತ್‌ನಲ್ಲಿ (ಪೋಷಕ ದ್ರವದಲ್ಲಿ) ಹತ್ತು ಲಕ್ಷ ಪಟ್ಟು ತೆಳು ಮಾಡಿ. ಆಗ 0.2 ಮಿ.ಲೀ.ನಲ್ಲಿ ಕೆಲವು ನೂರು ಕೋಶಗಳಷ್ಟೇ ಇರುತ್ತವೆ. ಇಷ್ಟು ಕಡಿಮೆ ಕೋಶಗಳಲ್ಲಿ ಮೊದಲೇ ಬದಲಾದದ್ದು ಇರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಹತ್ತು ಸಣ್ಣ ಟ್ಯೂಬ್‌ಗಳಿಗೆ 0.2 ಮಿ.ಲೀ.ನಂತೆ ಹಂಚಿ. ಅದೇ ತೆಳು ಕಲ್ಚರ್‌ನ 10 ಮಿ.ಲೀ. ಒಂದು ಫ್ಲಾಸ್ಕ್‌ಗೆ ಹಾಕಿ. ಎಲ್ಲವನ್ನೂ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಯಲು ಬಿಡಿ. ಇಲ್ಲಿಯ ತನಕ ಯಾವುದಕ್ಕೂ ಔಷಧಿ ಸೋಕಿಲ್ಲ. ಇದನ್ನು ಮಕ್ಕಳಿಗೆ ಎರಡು ಸಲ ಹೇಳಿ.

ಮರುದಿನ ಪ್ರತಿ ಟ್ಯೂಬ್‌ನಲ್ಲಿರುವ ಅಷ್ಟನ್ನೂ ಒಂದೊಂದು ರಿಫಾಂಪಿಸಿನ್ ತಟ್ಟೆಯ ಮೇಲೆ ಹರಡಿ. ಔಷಧಿಯ ಪ್ರಮಾಣ ಮಿ.ಲೀ.ಗೆ 100 ಮೈಕ್ರೋಗ್ರಾಂ. ಫ್ಲಾಸ್ಕ್‌ನಿಂದಲೂ 0.2 ಮಿ.ಲೀ.ನಂತೆ ಹತ್ತು ಸಲ ತೆಗೆದು ಇನ್ನು ಹತ್ತು ತಟ್ಟೆಗೆ ಹರಡಿ. ಒಂದು ದಿನ ಬಿಟ್ಟು ಎಣಿಸಿ. ನಿಧಾನವಾಗಿ ಬೆಳೆಯುವ ಕಾಲೊನಿಗಳೂ ಇರುತ್ತವೆ. ಹಾಗಾಗಿ 24 ಗಂಟೆಯೋ 48 ಗಂಟೆಯೋ ಮೊದಲೇ ಗೊತ್ತು ಮಾಡಿಕೊಳ್ಳಿ, ಎಲ್ಲ ತಟ್ಟೆಗೂ ಅದೇ ಹೊತ್ತು ಇರಲಿ.

ಎಣಿಸುವ ಮೊದಲು ಒಂದು ಕೆಲಸ ಬಿಡಲೇಬೇಡಿ. ಪ್ರತಿ ಬ್ಯಾಚ್ ತನ್ನ ಊಹೆಯನ್ನು ರೆಕಾರ್ಡ್‌ನಲ್ಲಿ ಬರೆದು ಸಹಿ ಹಾಕಲಿ. ಔಷಧಿಯೇ ಬದಲಾವಣೆ ತರುವುದಾದರೆ, ಔಷಧಿ ಮುಟ್ಟಿದ ಮೇಲೆ ಎಲ್ಲ ಕೋಶಗಳಿಗೂ ಒಂದೇ ಅವಕಾಶ. ಆಗ ಟ್ಯೂಬ್‌ನ ತಟ್ಟೆಗೂ ಫ್ಲಾಸ್ಕ್‌ನ ತಟ್ಟೆಗೂ ಏನೂ ವ್ಯತ್ಯಾಸ ಇರಬಾರದು. ಬದಲಾವಣೆ ಮೊದಲೇ ಆಗಿದ್ದರೆ ಲೆಕ್ಕವೇ ಬೇರೆ. ಫ್ಲಾಸ್ಕ್‌ನಲ್ಲಿ ಎಲ್ಲ ಬೆರೆತಿರುವುದರಿಂದ ಅದರ ತಟ್ಟೆಗಳು ಹೆಚ್ಚುಕಮ್ಮಿ ಒಂದೇ ಥರ. ಪ್ರತಿ ಟ್ಯೂಬ್‌ನ ಕಥೆ ಮಾತ್ರ ಬೇರೆ. ಟ್ಯೂಬ್‌ನಲ್ಲಿ ಬದಲಾವಣೆ ಬೇಗ ಆಗಿದ್ದರೆ ಅದರ ಸಂತಾನ ದೊಡ್ಡದು, ಕೊನೆಯಲ್ಲಿ ಆಗಿದ್ದರೆ ಒಂದೋ ಎರಡೋ. ನಾನು ಇದನ್ನು ಮನೆತನದ ಮಾತಿನಲ್ಲಿ ಹೇಳುತ್ತಿದ್ದೆ. ಮುತ್ತಜ್ಜನಿಗೆ ಬಂದ ಗುಣ ಇಡೀ ವಠಾರದಲ್ಲಿ ಕಾಣುತ್ತದೆ. ಮರಿಮಗನಿಗೆ ಬಂದ ಗುಣ ಅವನೊಬ್ಬನಲ್ಲೇ. ಗುಣ ಒಂದೇ, ಬಂದ ಹೊತ್ತು ಬೇರೆ.

ಲೆಕ್ಕ ತೋರಿಸಲು ಒಂದು ಮಾದರಿ ಸಾಲು ಬರೆಯುತ್ತೇನೆ. ಫ್ಲಾಸ್ಕ್‌ನ ಹತ್ತು ತಟ್ಟೆಗಳು: 3, 6, 2, 5, 1, 4, 3, 2, 7, 4. ಸರಾಸರಿ 3.7, ವೇರಿಯನ್ಸ್ (ಏರುಪೇರಿನ ಅಳತೆ) ಸುಮಾರು 3.6. ಎರಡೂ ಹತ್ತಿರ ಹತ್ತಿರ. ಸುಮ್ನೆ ಸ್ಯಾಂಪಲ್ ತೆಗೆಯುವಾಗ ಆಗುವ ಏರುಪೇರು ಇಷ್ಟೇ. ಈಗ ಟ್ಯೂಬ್‌ನ ತಟ್ಟೆಗಳು: 0, 1, 0, 4, 2, 0, 37, 1, 3, 0. ಸರಾಸರಿ 4.8, ಆದರೆ ವೇರಿಯನ್ಸ್ 130. ಸರಾಸರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಏರುಪೇರಿನಲ್ಲಿ ಅಜಗಜಾಂತರ.

ಆ 37 ಬಂದ ತಟ್ಟೆಯ ಬಗ್ಗೆ ಎಚ್ಚರ. ಎಣಿಸುತ್ತಿದ್ದ ಹುಡುಗಿಯೊಬ್ಬಳು ಅಂಥ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದಳು. ಉಳಿದವರ ತಟ್ಟೆಯಲ್ಲೆಲ್ಲ ಸೊನ್ನೆ, ಒಂದು, ಎರಡು. ಅವಳದರಲ್ಲಿ ಮಾತ್ರ ಹತ್ತಾರು. ಮುಖ ಸಣ್ಣದಾಗಿತ್ತು. "ಸರ್, ನಂದು ಕಂಟಾಮಿನೇಟ್ ಆಗಿದೆ ಅನ್ಸುತ್ತೆ, ಎಸೆದು ಬಿಡ್ಲಾ?" ಎಂದಳು. ಕೂತು ಒಂದೊಂದಾಗಿ ನೋಡಿದೆವು. ಎಲ್ಲ ಕಾಲೊನಿಗಳೂ ಒಂದೇ ಬಣ್ಣ, ಒಂದೇ ಅಂಚು, ನಮ್ಮ ಇ. ಕೋಲಿಯದೇ ರೂಪ. ಅವಳು ಎಸೆಯಲು ಹೊರಟಿದ್ದು ಇಡೀ ಪ್ರಯೋಗದ ಉತ್ತರವನ್ನು. ಆ ತಟ್ಟೆ ಇಲ್ಲದಿದ್ದರೆ ಎರಡು ಸಾಲಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಅವತ್ತು ಅವಳೇ ಬೋರ್ಡ್ ಹತ್ತಿರ ನಿಂತು ಉಳಿದವರಿಗೆ ಮುತ್ತಜ್ಜನ ಲೆಕ್ಕ ಹೇಳಿದಳು. ಹೊಂದದ ಸಂಖ್ಯೆಯನ್ನು ಮುಚ್ಚಿಡುವುದನ್ನು ನಮ್ಮ ಪ್ರಾಕ್ಟಿಕಲ್ ಪದ್ಧತಿಯೇ ಮಕ್ಕಳಿಗೆ ಕಲಿಸಿಬಿಟ್ಟಿದೆ. ಅದನ್ನು ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಸಿಕ್ಕಿಲ್ಲ.

ಸೊನ್ನೆ ಬಂದ ತಟ್ಟೆಗಳಿಂದಲೂ ಕೆಲಸ ಇದೆ. ಹತ್ತರಲ್ಲಿ ನಾಲ್ಕು ಸೊನ್ನೆ, ಅಂದರೆ 0.4. ಇದರ ನ್ಯಾಚುರಲ್ ಲಾಗ್ ತೆಗೆದು ಮೈನಸ್ ಬಿಟ್ಟರೆ 0.92. ಒಂದು ಟ್ಯೂಬ್‌ನಲ್ಲಿ ಸರಾಸರಿ ಇಷ್ಟು ಮ್ಯುಟೇಷನ್ ಘಟನೆಗಳು, ಅಂದರೆ ಔಷಧಿಗೆ ಬಗ್ಗದಂತೆ ಮಾಡುವ ಅಕ್ಷರ ಬದಲಾವಣೆಗಳು, ನಡೆದಿವೆ. ಟ್ಯೂಬ್‌ನಲ್ಲಿ ಒಟ್ಟು ಕೋಶ ಎಷ್ಟು? ಕಲ್ಚರನ್ನು ಹತ್ತು ಲಕ್ಷ ಪಟ್ಟು ತೆಳು ಮಾಡಿ, 0.1 ಮಿ.ಲೀ.ಯನ್ನು ಔಷಧಿ ಇಲ್ಲದ ತಟ್ಟೆಗೆ ಹರಡಿದಾಗ 200 ಕಾಲೊನಿ ಬಂತು ಎನ್ನಿ. ಆಗ ಮಿ.ಲೀ.ಗೆ 200 ಕೋಟಿ, 0.2 ಮಿ.ಲೀ.ಗೆ 40 ಕೋಟಿ. 0.92ನ್ನು 40 ಕೋಟಿಯಿಂದ ಭಾಗಿಸಿದರೆ ಸುಮಾರು 43 ಕೋಟಿ ಕೋಶಕ್ಕೆ ಒಂದು ಘಟನೆ. ಡಿಎನ್‌ಎ ನಕಲು ಮಾಡುವಾಗ ಆಗುವ ಅಪರೂಪದ ತಪ್ಪನ್ನು ಹಳ್ಳಿಯ ಕಾಲೇಜಿನ ಹುಡುಗರು ತಟ್ಟೆ ಮತ್ತು ಕ್ಯಾಲ್ಕ್ಯುಲೇಟರ್ ಹಿಡಿದು ಅಳೆದರು ಎಂದಾಯಿತು. ನನಗೆ ಈಗಲೂ ಈ ಲೆಕ್ಕ ಮುಗಿದಾಗ ಮೈ ಜುಮ್ಮೆನ್ನುತ್ತದೆ.

ಗಣಿತ ಎಂದರೆ ಹೆದರುವ ಮಕ್ಕಳಿಗೆ ಇನ್ನೊಂದು ದಾರಿ ಇದೆ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ತೋರಿಸಿದ ಮಕಮಲ್ ಬಟ್ಟೆಯ ವಿಧಾನ. ಬಟ್ಟೆ ಅಂಗಡಿಯಿಂದ ಹತ್ತಿಯ ಮಕಮಲ್ ತನ್ನಿ, ತಟ್ಟೆಗಿಂತ ಸಾಕಷ್ಟು ಅಗಲದ ತುಂಡು ಮಾಡಿ, ಪೇಪರ್‌ನಲ್ಲಿ ಸುತ್ತಿ ಆಟೋಕ್ಲೇವ್ ಮಾಡಿ. ತಟ್ಟೆಗಿಂತ ಸ್ವಲ್ಪ ಕಡಿಮೆ ಅಗಲದ ಮರದ ದಿಮ್ಮಿಗೆ ಅದನ್ನು ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಔಷಧಿ ಇಲ್ಲದ ತಟ್ಟೆಯಲ್ಲಿ ತುಂಬಾ ಬೆಳೆದ ಬ್ಯಾಕ್ಟೀರಿಯವನ್ನು ಬಟ್ಟೆಗೆ ಒತ್ತಿ. ಆಮೇಲೆ ಒಂದರ ಹಿಂದೆ ಒಂದು ಮೂರು ರಿಫಾಂಪಿಸಿನ್ ತಟ್ಟೆಗಳನ್ನು ಅದೇ ಬಟ್ಟೆಗೆ ಒತ್ತಿ. ಅಂಚಿನಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ ದಿಕ್ಕು ತಪ್ಪದಂತೆ ನೋಡಿಕೊಳ್ಳಿ. ಮರುದಿನ ಮೂರು ತಟ್ಟೆಗಳನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ, ಹಲವು ಕಾಲೊನಿಗಳು ಮೂರರಲ್ಲೂ ಅದೇ ಜಾಗದಲ್ಲಿರುತ್ತವೆ. ಔಷಧಿ ಮುಟ್ಟಿದ ಮೇಲೆ ಬಂದ ಬದಲಾವಣೆಯಾಗಿದ್ದರೆ ಒಂದೊಂದರಲ್ಲಿ ಒಂದೊಂದು ಕಡೆ ಬರಬೇಕಿತ್ತು. ಔಷಧಿಯನ್ನೇ ಕಾಣದ ಮೂಲ ತಟ್ಟೆಯಲ್ಲಿ ಆ ಜಾಗದಲ್ಲಿ ಅವು ಮೊದಲೇ ಇದ್ದವು.

ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಇಡುವ ತಟ್ಟೆ, ಇದರ ವಿಷಯದಲ್ಲಿ ನನಗೊಂದು ಕಹಿ ಅನುಭವ ಇದೆ. ಒಂದು ವರ್ಷ ಹಳೆಯ ರಿಫಾಂಪಿಸಿನ್ ದ್ರಾವಣವನ್ನು ಫಾಯಿಲ್ ಸುತ್ತದೆ ಇಟ್ಟು ಅದನ್ನೇ ಬಳಸಿಬಿಟ್ಟೆವು. ಬೆಳಕಿಗೆ ಈ ಔಷಧಿ ಕೆಡುತ್ತದೆ. ಮರುದಿನ ಇಪ್ಪತ್ತು ತಟ್ಟೆಯಲ್ಲೂ ಹಸಿ ಸುಣ್ಣ ಬಳಿದ ಹಾಗೆ ಬ್ಯಾಕ್ಟೀರಿಯ. ಔಷಧಿ ಕೆಟ್ಟಿದೆಯೋ ತಳಿಯೇ ಬೇರೆಯೋ ಹೇಳಲು ನಮ್ಮ ಹತ್ತಿರ ಕಂಟ್ರೋಲ್ ಇರಲಿಲ್ಲ. ಎರಡು ವಾರ ನಷ್ಟ. ಅಲ್ಲಿಂದ ಮೂರು ತಟ್ಟೆ ಯಾವಾಗಲೂ ಜಾಸ್ತಿ ಇಡುತ್ತೇನೆ. ಔಷಧಿ ಇಲ್ಲದ್ದರ ಮೇಲೆ ಬ್ಯಾಕ್ಟೀರಿಯ, ಅಲ್ಲಿ ಬೆಳೆಯಲೇಬೇಕು. ಔಷಧಿ ಇದ್ದದ್ದರ ಮೇಲೆ ಬರೀ ಬ್ರಾತ್, ಅಲ್ಲಿ ಏನೂ ಬರಬಾರದು. ಔಷಧಿ ಇದ್ದದ್ದರ ಮೇಲೆ ಎರಡು ಸಾವಿರದಷ್ಟೇ ಕೋಶ, ಅಲ್ಲಿಯೂ ಏನೂ ಬರಬಾರದು, ಬಂದರೆ ಔಷಧಿ ಸತ್ತಿದೆ. ಮೂರನೆಯದನ್ನು ಜನ ಮರೆಯುತ್ತಾರೆ, ಕೈ ಹಿಡಿಯುವುದು ಅದೇ. ಔಷಧಿಗೆ ಮೆಡಿಕಲ್ ಶಾಪ್‌ನ ಕ್ಯಾಪ್ಸೂಲ್ ಒಡೆಯಬೇಡಿ, ಅದರಲ್ಲಿ ಬೇರೆ ಪುಡಿ ಸೇರಿರುತ್ತದೆ. ಲ್ಯಾಬ್ ದರ್ಜೆಯ ಪುಡಿ ತರಿಸಿ, ಗ್ಲೌಸ್ ಹಾಕಿಕೊಂಡು ನೀವೇ ತೂಗಿ, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ. ಅಗಾರ್ ಬಾಟಲಿ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಬೆರೆಸಿ.

ಸುರಕ್ಷತೆಯ ಬಗ್ಗೆ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಕೆ-12 ತಳಿ ರೋಗ ತರುವಂಥದ್ದಲ್ಲ, ಅದಕ್ಕೇ ಅದು ಬೇಕು. ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹದಿಂದ ತರಿಸಿಕೊಳ್ಳಬಹುದು. ಚರಂಡಿ ನೀರು, ಗಂಟಲು, ಆಸ್ಪತ್ರೆ ಕಡೆಯಿಂದ ತಂದ ಬ್ಯಾಕ್ಟೀರಿಯದ ಮೇಲೆ ಈ ಪ್ರಯೋಗ ಬೇಡವೇ ಬೇಡ. ಎರಡು ಔಷಧಿ ಸೇರಿಸಬೇಡಿ. ಎಣಿಸುವಾಗ ತಟ್ಟೆಯ ಮುಚ್ಚಳ ಟೇಪ್ ಹಾಕಿಯೇ ಇರಲಿ. ಮುಗಿದ ದಿನವೇ ಎಲ್ಲವನ್ನೂ 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ ಅರ್ಧ ಗಂಟೆ ಬೇಯಿಸಿ, ಆಮೇಲೆ ಬಿಸಾಡಿ. ಸ್ಪಿರಿಟ್‌ನಲ್ಲಿ ಅದ್ದಿದ ಗಾಜಿನ ಕಡ್ಡಿಯನ್ನು ಉರಿಗೆ ಹಿಡಿಯುವಾಗ ಸ್ಪಿರಿಟ್ ಬೀಕರ್ ದೂರ ಇರಲಿ. ನಲವತ್ತು ಮಕ್ಕಳ ಲ್ಯಾಬ್‌ನಲ್ಲಿ ನಿಜವಾದ ಅಪಾಯ ಬ್ಯಾಕ್ಟೀರಿಯಕ್ಕಿಂತ ಅದು.

ಈಗ ನಿಸರ್ಗದ ಆಯ್ಕೆಯ ಪಾಠ. ರಿಫಾಂಪಿಸಿನ್ ತಟ್ಟೆಯಿಂದ ತೆಗೆದ ಒಂದು ಕಾಲೊನಿಯನ್ನೂ ಮೂಲ ತಳಿಯನ್ನೂ ಸಮಸಮ ಬೆರೆಸಿ, ಔಷಧಿ ಇಲ್ಲದ ಬ್ರಾತ್‌ನಲ್ಲಿ ಬೆಳೆಸಿ. ದಿನಾ ಅದರಿಂದ 0.1 ಮಿ.ಲೀ. ತೆಗೆದು 9.9 ಮಿ.ಲೀ. ಹೊಸ ಬ್ರಾತ್‌ಗೆ ಹಾಕುತ್ತಾ ಹೋಗಿ. ನೂರು ಪಟ್ಟು ತೆಳು ಮಾಡಿದ್ದು ಮತ್ತೆ ತುಂಬಬೇಕಾದರೆ 6.6 ತಲೆಮಾರು ಬೇಕು. ಸೋಮವಾರ ಶುರು ಮಾಡಿದರೆ ಶನಿವಾರಕ್ಕೆ 33 ತಲೆಮಾರು. ಮೊದಲ ದಿನ ಮತ್ತು ಕೊನೆಯ ದಿನ ಔಷಧಿ ಇರುವ, ಇಲ್ಲದ ತಟ್ಟೆಗಳಲ್ಲಿ ಎಣಿಸಿದರೆ ಯಾರು ಗೆಲ್ಲುತ್ತಿದ್ದಾರೆ ಗೊತ್ತಾಗುತ್ತದೆ. ಎಷ್ಟೋ ಸಲ ಔಷಧಿಗೆ ಬಗ್ಗದ ತಳಿ ಔಷಧಿ ಇಲ್ಲದಾಗ ಹಿಂದೆ ಬೀಳುತ್ತದೆ. ಕೆಲವು ಹೆಚ್ಚುಕಮ್ಮಿ ಸಮ ನಿಲ್ಲುತ್ತವೆ. ಬೇರೆ ಬೇರೆ ಬ್ಯಾಚ್‌ಗೆ ಬೇರೆ ಬೇರೆ ಉತ್ತರ ಬಂದಾಗ ಮಕ್ಕಳು ಜಗಳಕ್ಕೆ ಬೀಳುತ್ತಾರೆ. ಬೀಳಲಿ. ಅವರ ಕಾಲೊನಿಗಳಲ್ಲಿ ಬದಲಾದ ಅಕ್ಷರ ಒಂದೇ ಅಲ್ಲ ಎಂದು ಮುಂದೆ ಗೊತ್ತಾಗುತ್ತದೆ. ರಿಚರ್ಡ್ ಲೆನ್‌ಸ್ಕಿ 1988ರಲ್ಲಿ ಅಮೆರಿಕದಲ್ಲಿ ಹನ್ನೆರಡು ಫ್ಲಾಸ್ಕ್ ಇಟ್ಟು ಶುರು ಮಾಡಿದ ಪ್ರಯೋಗದ ಕ್ರಮವೂ ಇದೇ, ದಿನಾ ನೂರು ಪಟ್ಟು ತೆಳು ಮಾಡುವುದು. ಅದು 75,000 ತಲೆಮಾರು ದಾಟಿ ಇನ್ನೂ ನಡೆಯುತ್ತಿದೆ.

ಇನ್ನು ಅಕ್ಷರ ಓದುವ ಕೆಲಸ. ಪ್ರತಿ ಬ್ಯಾಚ್ ಒಂದೋ ಎರಡೋ ಕಾಲೊನಿ ಆರಿಸಲಿ. ಮೂಲ ತಳಿಯದೂ ಒಂದು ಇರಲೇಬೇಕು, ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಒಂದು ದಿನ ಕೂತು ಆರ್‌ಪಿಒಬಿ ಜೀನಿನ ನಡುವಿನ ತುಂಡನ್ನು ಪಿಸಿಆರ್ ಮಾಡಿ. ಮಾದರಿಗಳನ್ನು ಬೆಂಗಳೂರಿನ ಯಾವುದಾದರೂ ಸೀಕ್ವೆನ್ಸಿಂಗ್ ಕಂಪನಿಗೆ ಕಳಿಸಿದರೆ ಒಂದಕ್ಕೆ ಕೆಲವು ನೂರು ರೂಪಾಯಿ. ಎಂಟು ಮಾದರಿ ಸಾಕು. ಬಂದ ಫಲಿತಾಂಶವನ್ನು ನೇರ ಸಾಫ್ಟ್‌ವೇರ್‌ಗೆ ಕೊಡಬೇಡಿ. ಬಣ್ಣದ ಶಿಖರಗಳಿರುವ ಆ ಚಿತ್ರವನ್ನು ಪ್ರಿಂಟ್ ಹಾಕಿಸಿ, ಮೂಲ ತಳಿಯದನ್ನು ಮೇಲೆ, ತಮ್ಮದನ್ನು ಕೆಳಗೆ ಇಟ್ಟು, ಸ್ಕೇಲ್ ಸರಿಸುತ್ತಾ ಒಂದೊಂದೇ ಅಕ್ಷರ ಓದಲಿ. ಹತ್ತು ನಿಮಿಷ ಏನೂ ಸಿಗುವುದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ನೀಲಿ ಶಿಖರ ಇರಬೇಕಾದಲ್ಲಿ ಕೆಂಪು. ನಾಲ್ಕು ಸಾವಿರ ಅಕ್ಷರದ ಜೀನಿನಲ್ಲಿ ಒಂದೇ ಅಕ್ಷರ. "ಸರ್, ಸಿಕ್ತು" ಎಂದು ಯಾರಾದರೂ ಕೂಗುತ್ತಾರೆ. ಕೆಲವರಿಗೆ ಸಿಗುವುದಿಲ್ಲ, ಅವರ ಬದಲಾವಣೆ ಆ ತುಂಡಿನ ಆಚೆ ಇರಬಹುದು. ಅದನ್ನೂ ಹಾಗೆಯೇ ಬರೆದುಕೊಳ್ಳಲಿ.

ಬದಲಾವಣೆಗಳು ಜಾಸ್ತಿ ಸಿಗುವುದು 516, 526, 531 ಎಂಬ ಸಂಖ್ಯೆಯ ಅಮಿನೋ ಆಮ್ಲಗಳ ಸುತ್ತ. ಈಗ ಕ್ಷಯದ ಬ್ಯಾಕ್ಟೀರಿಯದ ಅದೇ ಜೀನ್ ತೆಗೆಯಿರಿ. ಜೆನ್‌ಬ್ಯಾಂಕ್ ಎಂಬ ಆನ್‌ಲೈನ್ ಸೀಕ್ವೆನ್ಸ್ ಸಂಗ್ರಹದಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ, ಮೊಬೈಲ್‌ನಲ್ಲೇ ಹುಡುಕಬಹುದು. ರೋಗಿಗಳಲ್ಲಿ ರಿಫಾಂಪಿಸಿನ್‌ಗೆ ಬಗ್ಗದ ಕ್ಷಯ ಬಹುಪಾಲು ಈ ಜೀನಿನ 81 ಅಕ್ಷರಗಳ ಒಂದು ಪುಟ್ಟ ತುಂಡಿನಲ್ಲಾದ ಬದಲಾವಣೆಯಿಂದ ಬರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಕಫ ಹಾಕಿ ಪರೀಕ್ಷಿಸುವ ಸಿಬಿನಾಟ್ ಯಂತ್ರ ನೋಡುವುದು ಆ ತುಂಡನ್ನೇ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಎಂಬ ಕ್ಷಯ ಪರೀಕ್ಷೆ ಕೂಡ ರಿಫಾಂಪಿಸಿನ್ ಪರೀಕ್ಷೆಗೆ ಇದೇ ಜೀನನ್ನು ನೋಡುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ, ಅವಸರ ಮಾಡಬೇಡಿ. ಮೂರು ಅಕ್ಷರಕ್ಕೆ (ಇದೇ ಕೋಡಾನ್) ಒಂದು ಅಮಿನೋ ಆಮ್ಲ, ಹಾಗಾಗಿ 81 ಅಕ್ಷರ ಎಂದರೆ 27 ಅಮಿನೋ ಆಮ್ಲ. ಇ. ಕೋಲಿಯ 27ನ್ನು ಒಂದು ಉದ್ದ ಪೇಪರ್ ಪಟ್ಟಿಯಲ್ಲಿ, ಕ್ಷಯದ್ದನ್ನು ಇನ್ನೊಂದರಲ್ಲಿ ಬರೆಸಿ. ಮೇಲೆ ಕೆಳಗೆ ಇಟ್ಟು ಎಣಿಸಿದರೆ 23 ಒಂದೇ, 4 ಮಾತ್ರ ಬೇರೆ. ನೂರಾರು ಕೋಟಿ ವರ್ಷಗಳ ಹಿಂದೆ ದಾರಿ ಬೇರೆಯಾದ ಎರಡು ಜೀವಿಗಳು ಇವು. 516, 526, 531 ಎರಡರಲ್ಲೂ ಒಂದೇ. ಅಕ್ಷರ ಬದಲಾಗದೆ ಉಳಿಯಿತೇ? ಇಲ್ಲ. ಬದಲಾಗುತ್ತಲೇ ಇರುತ್ತದೆ, 43 ಕೋಟಿಯ ಲೆಕ್ಕ ಅವರೇ ಮಾಡಿದ್ದಾರೆ. ಆದರೆ ಪಾಲಿಮರೇಸ್‌ನ ಈ ಭಾಗದಲ್ಲಿ ಬದಲಾದವು ಓಟದಲ್ಲಿ ಹಿಂದೆ ಬಿದ್ದು ಅಳಿದವು. ಹಿಂದೆ ಬೀಳುವುದನ್ನು ಸೋಮವಾರದಿಂದ ಶನಿವಾರದ ತನಕ ಅವರೇ ನೋಡಿದ್ದಾರೆ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರೆದಿರುವ "ಸಂರಕ್ಷಿತ ಭಾಗ" ಎಂಬ ಮಾತಿಗೆ ಈಗ ಜೀವ ಬಂತು, ಅಲ್ವಾ?

ಅದಕ್ಕಿಂತ ನನಗೆ ಪ್ರೀತಿಯ ಒಂದು ವಿಷಯ 531ರಲ್ಲಿದೆ. ಎರಡೂ ಬ್ಯಾಕ್ಟೀರಿಯದಲ್ಲಿ ಅಲ್ಲಿರುವುದು ಸೀರೀನ್ ಎಂಬ ಅಮಿನೋ ಆಮ್ಲ. ಇ. ಕೋಲಿ ಅದನ್ನು ಟಿಸಿಸಿ ಎಂದು ಬರೆಯುತ್ತದೆ, ಕ್ಷಯದ ಬ್ಯಾಕ್ಟೀರಿಯ ಟಿಸಿಜಿ ಎಂದು. ಮೂರನೆಯ ಅಕ್ಷರ ಬೇರೆ, ಅರ್ಥ ಒಂದೇ. ಇಂಥ ವ್ಯತ್ಯಾಸವನ್ನು ನಾವು ಮಕ್ಕಳಿಗೆ "ಮೌನ ಬದಲಾವಣೆ" ಎಂದು ಹೇಳಿ ಮುಂದೆ ಹೋಗುತ್ತೇವೆ. ಈಗ ಎರಡರಲ್ಲೂ ನಡುವಿನ ಸಿ ಹೋಗಿ ಟಿ ಆಗಲಿ. ಇ. ಕೋಲಿಯಲ್ಲಿ ಟಿಟಿಸಿ ಆಗಿ ಫೀನೈಲ್‌ಅಲನೀನ್ ಬಂತು. ಕ್ಷಯದಲ್ಲಿ ಟಿಟಿಜಿ ಆಗಿ ಲ್ಯೂಸೀನ್ ಬಂತು. ಜಾಗ ಅದೇ, ಬದಲಾದ ಅಕ್ಷರ ಅದೇ, ಫಲ ಮಾತ್ರ ಬೇರೆ. ಎಂದೋ ಯಾರ ಗಮನಕ್ಕೂ ಬಾರದೆ ಆದ ಮೂರನೆಯ ಅಕ್ಷರದ ವ್ಯತ್ಯಾಸ ಇವತ್ತಿನ ದಾರಿಯನ್ನು ಬೇರೆ ಮಾಡಿತು. ರೋಗಿಗಳಲ್ಲಿ ಜಾಸ್ತಿ ಕಾಣುವ ಬದಲಾವಣೆ ಇದೇ ಸೀರೀನ್ ಹೋಗಿ ಲ್ಯೂಸೀನ್ ಬಂದದ್ದು. ಇದನ್ನು ನೀವು ಹೇಳಿಬಿಡಬೇಡಿ ಮೇಡಂ. ಕೋಡಾನ್ ಪಟ್ಟಿ ಕೈಗೆ ಕೊಟ್ಟು ಎರಡನ್ನೂ ಅವರೇ ಬದಲಾಯಿಸಿ ನೋಡಲಿ.

ಇಷ್ಟಾದ ಮೇಲೆ ವಂಶವೃಕ್ಷಕ್ಕೆ ಬನ್ನಿ. ಮೊದಲು ಕೈಯಲ್ಲೇ ಎಣಿಸಲಿ. ಸೈಟೋಕ್ರೋಮ್ ಸಿ ಎಂಬ ಸಣ್ಣ ಪ್ರೋಟೀನ್ ಇದಕ್ಕೆ ಅನುಕೂಲ, ಮನುಷ್ಯನಲ್ಲಿ 104 ಅಮಿನೋ ಆಮ್ಲ. ಮನುಷ್ಯನಿಗೂ ಚಿಂಪಾಂಜಿಗೂ ಒಂದೂ ವ್ಯತ್ಯಾಸವಿಲ್ಲ. ರೀಸಸ್ ಕೋತಿಗೆ ಒಂದು, ಕುದುರೆಗೆ ಹನ್ನೆರಡು. ಆಗ ಯಾರಾದರೂ ಕೇಳುತ್ತಾರೆ, ಹಾಗಾದರೆ ಚಿಂಪಾಂಜಿ ಮತ್ತು ನಾವು ಒಂದೇನಾ ಎಂದು. ಒಳ್ಳೆಯ ಪ್ರಶ್ನೆ. ನಿಧಾನ ಬದಲಾಗುವ ಜೀನಿನಲ್ಲಿ ಹತ್ತಿರದ ನೆಂಟರ ವ್ಯತ್ಯಾಸ ಕಾಣುವುದಿಲ್ಲ. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಎಚ್-4 ಎಂಬ ಪ್ರೋಟೀನ್ ಇನ್ನೂ ನಿಧಾನ, ಬಟಾಣಿಗೂ ಹಸುವಿಗೂ 102ರಲ್ಲಿ ಎರಡೇ ವ್ಯತ್ಯಾಸ. ಯಾವ ಪ್ರಶ್ನೆಗೆ ಯಾವ ಜೀನ್ ಎಂದು ಆರಿಸುವುದೇ ಅರ್ಧ ವಿದ್ಯೆ. ಆಮೇಲೆ ಇ. ಕೋಲಿ, ಅದರ ನೆಂಟ ಬ್ಯಾಕ್ಟೀರಿಯಗಳಾದ ಸಾಲ್ಮೊನೆಲ್ಲ, ಕ್ಲೆಬ್ಸಿಯೆಲ್ಲ, ಸೆರೇಷಿಯ ಇವುಗಳ ಆರ್‌ಪಿಒಬಿ ತೆಗೆದು ಮೆಗಾ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ವೃಕ್ಷ ಕಟ್ಟಲಿ. ದೂರದ ನೆಂಟನಾಗಿ ಸೂಡೊಮೊನಾಸ್ ಇರಲಿ, ಬೇರು ಎಲ್ಲಿ ಎಂದು ಅದರಿಂದ ಗೊತ್ತಾಗುತ್ತದೆ. ಕ್ಷಯದ ಬ್ಯಾಕ್ಟೀರಿಯವನ್ನು ಈ ಡಿಎನ್‌ಎ ವೃಕ್ಷಕ್ಕೆ ಸೇರಿಸಬೇಡಿ. ಅದರ ಜೀನೋಮ್‌ನಲ್ಲಿ ಜಿ ಮತ್ತು ಸಿ ಸುಮಾರು 65 ಶೇಕಡ. ಅಷ್ಟು ದೂರದ ಹೋಲಿಕೆಯಲ್ಲಿ ಮೂರನೆಯ ಅಕ್ಷರಗಳು ದಾರಿ ತಪ್ಪಿಸುತ್ತವೆ.

ವೃಕ್ಷ ಕಟ್ಟುವುದಕ್ಕಿಂತ ಓದುವುದರಲ್ಲಿ ಮಕ್ಕಳು ಹೆಚ್ಚು ಎಡವುತ್ತಾರೆ. ಪಕ್ಕಪಕ್ಕ ಬರೆದ ಹೆಸರುಗಳು ಹತ್ತಿರದ ನೆಂಟರು, ಮೇಲಿರುವುದು ಮುಂದುವರಿದದ್ದು ಎಂದುಕೊಳ್ಳುತ್ತಾರೆ. ಇದಕ್ಕೆ ತೆಂಗಿನ ಕಡ್ಡಿ ಪೊರಕೆ ಸಾಕು. ಕಡ್ಡಿ ಮುರಿದು, ದಾರದಿಂದ ಕಟ್ಟಿ, ತೂಗುವ ಬೊಂಬೆಯ ಹಾಗೆ ವೃಕ್ಷ ಮಾಡಿಸಿ, ತುದಿಗೆ ಹೆಸರಿನ ಚೀಟಿ ಅಂಟಿಸಿ ಫ್ಯಾನಿನ ಕೆಳಗೆ ನೇತು ಹಾಕಿ. ಗಾಳಿಗೆ ಕೊಂಬೆಗಳು ತಿರುಗುತ್ತವೆ. ಪಕ್ಕದಲ್ಲಿದ್ದ ಹೆಸರು ಆಚೆ ಹೋಗುತ್ತದೆ, ಗಂಟು ಮಾತ್ರ ಅಲ್ಲೇ ಇರುತ್ತದೆ. ನೆಂಟಸ್ತಿಕೆ ಇರುವುದು ಗಂಟಿನಲ್ಲಿ.

ಅಂಕದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ರೆಕಾರ್ಡ್ ಚೆಂದ ಇದ್ದದ್ದಕ್ಕೆ ಅಂಕ ಕೊಟ್ಟರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ. ಮೊದಲು ಬರೆದ ಊಹೆ, ಬಂದ ಸಂಖ್ಯೆ, ಎರಡೂ ಹೊಂದದಿದ್ದರೆ ಏಕೆ ಎಂದು ಬರೆದ ನಾಲ್ಕು ಸಾಲು, ಇವಕ್ಕೆ ಕೊಡಿ. ವೈವಾದಲ್ಲಿ ಒಂದೇ ಪ್ರಶ್ನೆ ಸಾಕು: "ನಿನ್ನ ಬ್ಯಾಚ್‌ನ ಈ ತಟ್ಟೆಯಲ್ಲಿ ಸೊನ್ನೆ ಯಾಕೆ ಬಂತು?" ಪಕ್ಕದವರ ರೆಕಾರ್ಡ್ ನಕಲು ಮಾಡಿದವರಿಗೆ ಇದಕ್ಕೆ ಉತ್ತರ ಬರುವುದಿಲ್ಲ.

ತಳಿಗೂ ರಿಫಾಂಪಿಸಿನ್ ಪುಡಿಗೂ ಸೆಮಿಸ್ಟರ್ ಶುರುವಾಗುವ ಎರಡು ತಿಂಗಳು ಮೊದಲೇ ಪತ್ರ ಹಾಕಿ, ಬಿಲ್ ಪಾಸಾಗಲು ಅಷ್ಟು ಹೊತ್ತು ಹಿಡಿಯುತ್ತದೆ. ಮೊದಲ ವಾರ ಔಷಧಿ ಮುಟ್ಟಲೇಬೇಡಿ. ಎಲ್ಲರೂ ಕಲ್ಚರ್ ತೆಳು ಮಾಡಿ, ಸಾದಾ ತಟ್ಟೆಗೆ ಹರಡಿ, ಎಣಿಸಿ ಬರಲಿ. ಎರಡು ಪಿಪೆಟ್‌ಗಳಿಗೆ ಸರದಿ ಹಾಕಿ, ಸಾಲದಿದ್ದರೆ 1 ಮಿ.ಲೀ. ಗಾಜಿನ ಪಿಪೆಟ್ ಮತ್ತು ರಬ್ಬರ್ ಬಲ್ಬ್ ಕೊಡಿ. ಒಂದೇ ಕಲ್ಚರ್‌ಗೆ ಇಬ್ಬರ ಸಂಖ್ಯೆ ಹತ್ತಿರ ಹತ್ತಿರ ಬರುವ ತನಕ ಆ ಅಭ್ಯಾಸವನ್ನೇ ಮಾಡಿಸಿ. ಕೈ ಪಳಗಿದ ಮೇಲೆ ಹತ್ತು ಟ್ಯೂಬ್ ಇಡಿ.